ಕುಂತಲ್ಲಿ ಕುಂದ್ರದ ಮಗು: ಬೈಗುಳ ಬೇಡ, ಚಿಕಿತ್ಸೆ ಬೇಕು

“ಕುಂತಲ್ಲಿ ಕುಂದ್ರಾಂಗಿಲ್ರಿ ಈ ಹುಡುಗ. ಹೇಳಿದ್ದು ಒಂದು ಕಿವ್ಯಾಗ ಹೋಗಿ ಇನ್ನೊಂದು ಕಿವ್ಯಾಗ ಬರ್ತೈತಿ. ಸಾಲಿಯಿಂದ ದಿನಾ ತಕರಾರು. ಬಡದೂ ನೋಡಿದ್ವಿ, ದೇವರಿಗೆ ಹರಕಿ ಹೊತ್ತೂ ನೋಡಿದ್ವಿ.”

ಬಾಗಲಕೋಟೆ ಸೀಮೆಯ ಯಾವ ಊರಿನ ಯಾವ ತಾಯಿಯ ಬಾಯಲ್ಲಾದರೂ ಈ ಮಾತು ಬರಬಹುದು. ಬೇವೂರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗನಿಗೆ ಎಂಟು ವರ್ಷ, ಮೂರನೆಯ ತರಗತಿ. ಬುದ್ಧಿ ಚುರುಕು. ಬಸ್ಸುಗಳ ವೇಳೆಯೆಲ್ಲ ಬಾಯಿಪಾಠ. ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಏಳುತ್ತಾನೆ. ವಾರಕ್ಕೆರಡು ಪೆನ್ನು ಕಳೆಯುತ್ತಾನೆ. ಮಾಸ್ತರರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ರಸ್ತೆ ದಾಟುವಾಗ ಹಿಂದೆ ಮುಂದೆ ನೋಡುವುದಿಲ್ಲ.

ಯಾರದೋ ಮಾತು ಕೇಳಿ ತಂದೆತಾಯಿ ಸಾಲ ಮಾಡಿ ಅವನನ್ನು ಬೆಂಗಳೂರಿಗೆ ಕರೆದೊಯ್ದರು. ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ತಿಳಿಯಿತು, ಒಂದು ತಿಂಗಳ ಮಾತ್ರೆ ಸಿಕ್ಕಿತು. ಹುಡುಗ ಸುಧಾರಿಸಿದ. ಮಾತ್ರೆ ಮುಗಿದ ಮೇಲೆ ಊರಿನ ಔಷಧ ಅಂಗಡಿಯಲ್ಲಿ “ಇದು ನಮ್ಮಲ್ಲಿ ಸಿಗಾಂಗಿಲ್ರಿ” ಎಂದರು. ಮತ್ತೆ ಬೆಂಗಳೂರಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಮೂರು ತಿಂಗಳಲ್ಲಿ ಎಲ್ಲವೂ ಮೊದಲಿನಂತಾಯಿತು. “ಔಷಧದಿಂದ ಏನೂ ಆಗಲಿಲ್ಲ” ಎಂಬ ಮಾತು ಮಾತ್ರ ಉಳಿಯಿತು.

ಈ ಮನೆ ಕಲ್ಪನೆಯದು. ಆದರೆ ಇಂಥ ಮನೆಗಳು ಬಹಳ ಇವೆ. ಅಲ್ಲಿ ಸೋತದ್ದು ಔಷಧವಲ್ಲ. ಚಿಕಿತ್ಸೆಯ ದಾರ ನಡುವೆ ಕಡಿಯಿತು, ಅಷ್ಟೇ. ಆ ದಾರ ಕಡಿಯದಂತೆ ನಿಮ್ಮ ಊರಿನ ಹತ್ತಿರದಲ್ಲೇ ಅದನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ತುಂಟತನವೋ, ತೊಂದರೆಯೋ?

ಈ ತೊಂದರೆಗೆ ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ‘ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎನ್ನಬಹುದು. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ ಇರಬಹುದು.

ಮಕ್ಕಳೆಂದ ಮೇಲೆ ಓಡಾಟ, ಗದ್ದಲ ಇದ್ದದ್ದೇ. ಅದೆಲ್ಲ ಕಾಯಿಲೆಯಲ್ಲ. ಹಾಗಾದರೆ ವ್ಯತ್ಯಾಸ ಗುರುತಿಸುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು: ಈ ವರ್ತನೆ ಕನಿಷ್ಠ ಆರು ತಿಂಗಳಿನಿಂದ ಬಿಡದೆ ನಡೆದಿದೆಯೇ?

ಎರಡು: ಹನ್ನೆರಡು ವರ್ಷ ತುಂಬುವ ಮೊದಲೇ ಇದರ ಲಕ್ಷಣಗಳು ಕಾಣಿಸಿಕೊಂಡಿದ್ದವೇ?

ಮೂರು: ಮನೆಯಲ್ಲೂ ಶಾಲೆಯಲ್ಲೂ, ಹೀಗೆ ಎರಡು ಕಡೆಯಾದರೂ ಕಾಣುತ್ತದೆಯೇ? ಶಾಲೆಯಲ್ಲಿ ಮಾತ್ರ ಗಲಾಟೆ ಮಾಡಿ ಬೇರೆಲ್ಲೆಡೆ ಸರಿಯಾಗಿರುವ ಮಗುವಿಗೆ ಶಾಲೆಯಲ್ಲೇ ಏನೋ ತೊಡಕಿರಬಹುದು.

ನಾಲ್ಕು: ಇದರಿಂದ ಓದು, ಗೆಳೆತನ, ಮನೆಯ ನೆಮ್ಮದಿ ನಿಜವಾಗಿ ಕೆಡುತ್ತಿದೆಯೇ? ಸರಿಕ ವಯಸ್ಸಿನ ಮಕ್ಕಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿದೆಯೇ?

ನಾಲ್ಕಕ್ಕೂ ‘ಹೌದು’ ಎಂದಾದರೆ ವೈದ್ಯರನ್ನು ಕಾಣಬೇಕು. ಒಂದು ಎಚ್ಚರ: ಎಲ್ಲ ಮಕ್ಕಳೂ ಕುಣಿದಾಡುವುದಿಲ್ಲ. ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಕಿಟಕಿಯಾಚೆ ನೋಡುತ್ತ ಮೌನವಾಗಿ ಕುಳಿತಿರುತ್ತಾರೆ. ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರೂ ಅವರನ್ನು ಗಮನಿಸುವುದಿಲ್ಲ. ‘ದಡ್ಡಿ’ ಎಂಬ ಹಣೆಪಟ್ಟಿ ಹೊತ್ತು ಶಾಲೆ ಬಿಡುತ್ತಾರೆ. ಅವರಿಗೂ ಇದೇ ತೊಂದರೆ ಇರಬಹುದು.

ತಪ್ಪು ನಿಮ್ಮದಲ್ಲ

“ತಾಯಿ ಮುದ್ದು ಮಾಡಿ ಕೆಡಿಸಿದಳು” ಎಂದು ಅತ್ತೆ ಹೇಳಬಹುದು. “ಅಪ್ಪನ ಹೆದರಿಕೆ ಇಲ್ಲ” ಎಂದು ನೆರೆಯವರು ಹೇಳಬಹುದು. ಎರಡೂ ನಿಜವಲ್ಲ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಗಮನವನ್ನು ಹಿಡಿದಿಡುವ, ಆತುರವನ್ನು ತಡೆಯುವ ಮಿದುಳಿನ ಮುಂಭಾಗದ ಕೆಲಸ ಈ ಮಕ್ಕಳಲ್ಲಿ ನಿಧಾನವಾಗಿ ಪಕ್ವವಾಗುತ್ತದೆ. ಕಾರಣಗಳಲ್ಲಿ ದೊಡ್ಡ ಪಾಲು ವಂಶದ್ದು. ಎಷ್ಟೋ ಸಲ ಮಗುವಿನ ಲಕ್ಷಣಗಳನ್ನು ವೈದ್ಯರು ವಿವರಿಸುವಾಗ ತಂದೆಯೇ “ನಾನೂ ಸಣ್ಣವನಿದ್ದಾಗ ಹಿಂಗ ಇದ್ದೆ” ಎನ್ನುವುದುಂಟು. ದಿನ ತುಂಬುವ ಮೊದಲೇ ಹುಟ್ಟಿದ, ಕಡಿಮೆ ತೂಕದ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಸಕ್ಕರೆ, ಬೆಲ್ಲ ತಿಂದರೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇದು ಈಚೆಗೆ ಹುಟ್ಟಿದ ಪಟ್ಟಣದ ಕಾಯಿಲೆಯೂ ಅಲ್ಲ. 1902ರಲ್ಲೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ, ಒಂದು ಬಗೆಯ ಚೇತೋಹಾರಿ ಔಷಧದಿಂದ ಇಂಥ ಮಕ್ಕಳು ಶಾಂತವಾಗಿ ಕುಳಿತು ಓದುವುದನ್ನು ಕಂಡು ವರದಿ ಮಾಡಿದ. ಇಂದು ಹೆಚ್ಚಾಗಿ ಬಳಸುವ ಮೀಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ.

ಮೊದಲ ಬಾಗಿಲು ಯಾವುದು?

ಮಗುವನ್ನು ನೇರವಾಗಿ ಬೆಂಗಳೂರಿಗೆ ಒಯ್ಯಬೇಕಾದ ಅಗತ್ಯ ಬಹಳ ಮಂದಿಗೆ ಇಲ್ಲ. ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ.

ಮೊದಲನೆಯದು ಶಾಲೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ತಂಡ ಹಲ್ಲು, ಕಣ್ಣು ಮಾತ್ರ ನೋಡುತ್ತದೆಂದು ತಿಳಿಯಬೇಡಿ. ಅವರು ಪತ್ತೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ, ಕಲಿಕೆಯ ತೊಂದರೆಯೂ ಇದೆ. ತಂಡ ಬರುವ ದಿನವನ್ನು ಮುಖ್ಯೋಪಾಧ್ಯಾಯರಿಂದ ತಿಳಿದು ನೀವೇ ಹೋಗಿ, ಮಗುವಿನ ವಿಷಯವನ್ನು ಬಾಯಿಬಿಟ್ಟು ಹೇಳಿ. ಅವರು ಮುಂದಿನ ಪರೀಕ್ಷೆಗೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಬರೆದು ಕೊಡಬಲ್ಲರು. ಈ ಸೇವೆಗೆ ಹಣ ಕೊಡಬೇಕಿಲ್ಲ.

ಎರಡನೆಯದು ತಾಲ್ಲೂಕು ಆಸ್ಪತ್ರೆ. ಹುನಗುಂದ, ಬಾದಾಮಿ ಕಡೆಯವರು ಇದನ್ನು ನೆನಪಿಡಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಂಡೇ ಬಸ್ಸು ಹತ್ತಿ.

ಮೂರನೆಯದು ಜಿಲ್ಲಾ ಕೇಂದ್ರ. ಬೇವೂರಿನವರಿಗೆ ಬಾಗಲಕೋಟೆ ದೂರವಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ, ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾದದ್ದು 1996ರಲ್ಲಿ. ಅದಕ್ಕೆ ಮಾದರಿಯಾದದ್ದು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಅಲ್ಲಿನ ಹಳ್ಳಿಗಳ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನೌಕರರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು.

ನಾಲ್ಕನೆಯದು ಧಾರವಾಡದ ಡಿಮ್ಹಾನ್ಸ್. 1845ರಲ್ಲಿ ಆರಂಭವಾದ ಹಳೆಯ ಮಾನಸಿಕ ಆಸ್ಪತ್ರೆಯೇ ಇಂದು ಬೆಳೆದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. “ಹುಚ್ಚಾಸ್ಪತ್ರಿಗೆ ಹೋದ್ರ ಮಂದಿ ಏನಂತಾರ?” ಎಂಬ ಅಂಜಿಕೆ ಬೇಡ. ಓದಿನ ತೊಂದರೆ, ತಲೆನೋವು, ನಿದ್ರೆ ಬಾರದಿರುವುದು, ಮೂರ್ಛೆರೋಗ ಎಂದು ಬರುವ ನೂರಾರು ಮಂದಿಯಲ್ಲಿ ನೀವೂ ಒಬ್ಬರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಕಾಯಿಲೆ ಜಟಿಲವಾಗಿದ್ದರೆ, ಜೊತೆಗೆ ಬೇರೆ ತೊಂದರೆಗಳಿದ್ದರೆ ಅಲ್ಲಿಗೆ ಹೋಗುವುದು ಸರಿಯೇ. ಆದರೆ ಅಲ್ಲಿಂದ ಹೊರಡುವಾಗ ಒಂದು ಮಾತು ಕೇಳಲು ಮರೆಯಬೇಡಿ: “ಮುಂದಿನ ತಪಾಸಣೆಯನ್ನು ಬಾಗಲಕೋಟೆಯಲ್ಲೇ ಮಾಡಿಸಿಕೊಳ್ಳಲು ಅಲ್ಲಿಯ ವೈದ್ಯರಿಗೆ ಪತ್ರ ಬರೆದುಕೊಡಿ.” ಈ ಒಂದು ಹಾಳೆ ನಿಮ್ಮ ಹಲವು ಪ್ರಯಾಣಗಳನ್ನು ಉಳಿಸುತ್ತದೆ.

ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಕೆಲಸ ಮಾಡುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ವೈದ್ಯರು ಏನು ನೋಡುತ್ತಾರೆ?

ಎಡಿಎಚ್‌ಡಿಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ವೈದ್ಯರ ಮುಖ್ಯ ಸಲಕರಣೆ ಎಂದರೆ ನಿಮ್ಮ ಮಾತು, ಮಾಸ್ತರರ ಮಾತು ಮತ್ತು ಮಗುವಿನ ವರ್ತನೆ. ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ಎರಡು ಮೂರು ವರ್ಷಗಳ ಅಂಕಪಟ್ಟಿ, ಮಗುವಿನ ಬರವಣಿಗೆಯ ಪುಸ್ತಕ, ಹೆರಿಗೆಯ ಕಾಗದಪತ್ರ ಒಯ್ಯಿರಿ. ತರಗತಿ ಶಿಕ್ಷಕರಿಂದ ಅರ್ಧ ಪುಟ ಬರೆಸಿಕೊಂಡು ಹೋಗಿ. ‘ಬಹಳ ತುಂಟ’ ಎಂದಷ್ಟೇ ಬರೆದರೆ ಸಾಲದು. ‘ಎಷ್ಟು ನಿಮಿಷ ಕೂರುತ್ತಾನೆ, ಹೇಳಿದ ಕೆಲಸದಲ್ಲಿ ಎಷ್ಟು ಮುಗಿಸುತ್ತಾನೆ, ಯಾವ ಪಾಠದಲ್ಲಿ ಹೆಚ್ಚು ತೊಂದರೆ’ ಎಂದು ಬರೆದರೆ ವೈದ್ಯರಿಗೆ ಅನುಕೂಲ.

ಇದೇ ಬಗೆಯ ಲಕ್ಷಣ ಬೇರೆ ಕಾರಣಗಳಿಂದಲೂ ಬರುತ್ತದೆ. ಕಿವಿ ಮಂದವಾದ ಮಗು ಹೇಳಿದ್ದನ್ನು ಕೇಳದು. ಕಣ್ಣು ಮಂಜಾದ ಮಗು ಹಲಗೆಯ ಮೇಲಿನದನ್ನು ಬರೆಯದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ರಾತ್ರಿ ಗೊರಕೆಯಿಂದ ಕೆಡುವ ನಿದ್ರೆ, ಕೆಲವು ಕ್ಷಣ ಮಾತ್ರ ಮೈಮರೆಯುವಂಥ ಒಂದು ಬಗೆಯ ಮೂರ್ಛೆ, ಅಕ್ಷರ ಕಲಿಕೆಯ ತೊಂದರೆ, ಮನೆಯಲ್ಲಿನ ಕುಡಿತ ಜಗಳಗಳ ಭಯ, ಇವೆಲ್ಲವನ್ನೂ ವೈದ್ಯರು ವಿಚಾರಿಸಬೇಕು. ಐದು ನಿಮಿಷದಲ್ಲಿ ನೋಡಿ ಎಡಿಎಚ್‌ಡಿ ಎಂದರೆ, ಇಷ್ಟೆಲ್ಲ ನೋಡಿದ್ದೀರಾ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ. ಎರಡು ಮೂರು ಭೇಟಿ ಆದರೂ ಬೇಸರಿಸಬೇಡಿ.

ಮಾತ್ರೆಯ ವಿಷಯ

ಆರು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಮಾತ್ರೆ ಕೊಡುವುದಿಲ್ಲ. ಪಾಲಕರಿಗೆ ತರಬೇತಿ ಕೊಟ್ಟು ಮಗುವಿನ ವರ್ತನೆಯನ್ನು ತಿದ್ದುವುದೇ ಮೊದಲ ಚಿಕಿತ್ಸೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ, ತೊಂದರೆ ಹೆಚ್ಚಾಗಿದ್ದರೆ, ಮಾತ್ರೆ ಮತ್ತು ವರ್ತನೆಯ ಚಿಕಿತ್ಸೆ ಎರಡೂ ಜೊತೆಯಾಗಿ ನಡೆಯುತ್ತವೆ.

ಮೀಥೈಲ್‌ಫೆನಿಡೇಟ್ ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಆರಂಭಿಸುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಶಾಲೆಯ ವೇಳೆಗೆಲ್ಲ ಸಾಕಾಗುತ್ತದೆ. ಇನ್ನೊಂದು ಔಷಧ ಅಟಾಮೊಕ್ಸೆಟಿನ್. ಇದರ ಪೂರ್ಣ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. “ಹತ್ತು ದಿನ ಕೊಟ್ಟೆವು, ಏನೂ ಆಗಲಿಲ್ಲ” ಎಂದು ಬಿಟ್ಟುಬಿಡುವವರು ಇದನ್ನು ತಿಳಿದಿರಬೇಕು. ಯಾವ ಮಗುವಿಗೆ ಯಾವುದು, ಎಷ್ಟು ಎಂಬುದು ವೈದ್ಯರ ತೀರ್ಮಾನ. ಪಕ್ಕದ ಮನೆಯ ಮಗುವಿನ ಮಾತ್ರೆ ನಿಮ್ಮ ಮಗುವಿಗೆ ಆಗದು.

ಅಂಗಡಿಯಲ್ಲಿ ‘ಸಿಗಾಂಗಿಲ್ಲ’ ಎಂದದ್ದು ಏಕೆ? ಮೀಥೈಲ್‌ಫೆನಿಡೇಟ್ ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಔಷಧ. ಅದು ‘ಷೆಡ್ಯೂಲ್ ಎಕ್ಸ್’ ಪಟ್ಟಿಯಲ್ಲಿದೆ. ಅದನ್ನು ಮಾರಲು ಅಂಗಡಿಗೆ ಬೇರೆ ಪರವಾನಗಿ ಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹೀಗಾಗಿ ಎಲ್ಲ ಅಂಗಡಿಗಳವರೂ ಇದನ್ನು ಇಡುವುದಿಲ್ಲ. ಚೀಟಿ ಬರೆಯುವ ದಿನವೇ ವೈದ್ಯರಿಗೆ ಮೂರು ಪ್ರಶ್ನೆ ಹಾಕಿ: ಇದು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ? ಎರಡು ಪ್ರತಿ ಬರೆದಿದ್ದೀರಾ? ಸಿಗದಿದ್ದರೆ ಏನು ಮಾಡಬೇಕು? ಅಟಾಮೊಕ್ಸೆಟಿನ್‌ಗೆ ಈ ವಿಶೇಷ ಪರವಾನಗಿಯ ತೊಡಕಿಲ್ಲ, ಸಾಮಾನ್ಯ ಚೀಟಿ ಸಾಕು. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನದಕ್ಕೆ ಓಡಾಡಿ.

“ಚಟ ಹತ್ತುವುದಿಲ್ಲವೇ?” ಎಂಬುದು ಎಲ್ಲರ ಪ್ರಶ್ನೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಮಕ್ಕಳಿಗೆ ಇದರಿಂದ ಚಟ ಹತ್ತುವುದು ತೀರ ವಿರಳ. ಆದರೆ ಮಾತ್ರೆಯನ್ನು ಬೀಗದಲ್ಲಿಡಿ, ನಿಮ್ಮ ಕೈಯಿಂದಲೇ ಕೊಡಿ. ದೊಡ್ಡ ಹುಡುಗರು ‘ಪರೀಕ್ಷೆಗೆ ಒಳ್ಳೆಯದು’ ಎಂದು ಗೆಳೆಯರಿಗೆ ಹಂಚುವುದು ಅಪಾಯ, ಅಪರಾಧ ಕೂಡ.

ಅಡ್ಡ ಪರಿಣಾಮಗಳಿವೆ. ಹಸಿವು ಕುಗ್ಗುವುದು, ನಿದ್ರೆ ತಡವಾಗುವುದು, ಹೊಟ್ಟೆನೋವು, ತಲೆನೋವು ಸಾಮಾನ್ಯ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ಕೊಟ್ಟು ಆಮೇಲೆ ಮಾತ್ರೆ ಕೊಡಿ. ಸಂಜೆ ಔಷಧದ ಪ್ರಭಾವ ಇಳಿದ ಮೇಲೆ ಹಸಿವು ಮರಳುತ್ತದೆ. ಆಗ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ಧಾರಾಳವಾಗಿ ಬಡಿಸಿ. ಆರು ತಿಂಗಳಿಗೊಮ್ಮೆ ಮಗುವಿನ ಎತ್ತರ, ತೂಕ, ನಾಡಿ, ರಕ್ತದೊತ್ತಡ ಅಳೆಯಬೇಕು. ಈ ಕೆಲಸಕ್ಕೆ ಊರಿನ ಹತ್ತಿರದ ಆರೋಗ್ಯ ಕೇಂದ್ರವೇ ಸಾಕು. ಒಂದು ಪುಸ್ತಕದಲ್ಲಿ ಬರೆಸಿಟ್ಟುಕೊಂಡು ಮನೋವೈದ್ಯರಿಗೆ ತೋರಿಸಿ. ವಂಶದಲ್ಲಿ ಹೃದ್ರೋಗವೋ ಚಿಕ್ಕ ವಯಸ್ಸಿನ ಹಠಾತ್ ಸಾವೋ ಇದ್ದರೆ ಮೊದಲೇ ತಿಳಿಸಿ. ಎದೆನೋವು, ತಲೆ ಸುತ್ತಿ ಬೀಳುವುದು, ಮೂರ್ಛೆ, ಕಣ್ಣು ಹಳದಿಯಾಗುವುದು, ‘ಸಾಯಬೇಕು’ ಎಂಬ ಮಾತು ಕಂಡುಬಂದರೆ ಕಾಯದೆ ವೈದ್ಯರ ಬಳಿ ಹೋಗಿ.

ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಟಾನಿಕ್ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ. ಆ ಹಣ ಬಸ್ಸಿನ ಚಾರ್ಜಿಗಾದೀತು.

ಮನೆಯೇ ಚಿಕಿತ್ಸಾಲಯ

ಮಾತ್ರೆ ಮಗುವನ್ನು ಕಲಿಯಲು ಅಣಿ ಮಾಡುತ್ತದೆ, ಕಲಿಸುವವರು ನೀವೇ. ಮನಶ್ಶಾಸ್ತ್ರಜ್ಞರು ಕೆಲವು ಭೇಟಿಗಳಲ್ಲಿ ಹೇಳಿಕೊಡುವುದನ್ನು ದಿನವೂ ನಡೆಸಬೇಕಾದವರು ಮನೆಯವರು.

ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. “ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಹಾಲು ಕುಡಿದು, ಓದಲು ಕೂಡು” ಎಂದರೆ ಮೊದಲನೆಯದು ಬಿಟ್ಟು ಮಿಕ್ಕದ್ದೆಲ್ಲ ಗಾಳಿಗೆ ಹೋಗುತ್ತದೆ. ಏಳುವುದು, ಉಣ್ಣುವುದು, ಓದುವುದು, ಮಲಗುವುದು ದಿನವೂ ಒಂದೇ ಹೊತ್ತಿಗಿರಲಿ. ಓದನ್ನು ಹತ್ತು ಹದಿನೈದು ನಿಮಿಷಗಳ ತುಂಡು ಮಾಡಿ, ನಡುವೆ ಎದ್ದು ನೀರು ತರಲು ಕಳಿಸಿ. ಎದುರಿಗೆ ಟೀವಿ, ಮೊಬೈಲು ಇರದಿರಲಿ. ಸಂಜೆ ಬಯಲಿನಲ್ಲಿ ಆಡಲು ಬಿಡಿ. ಶಿಕ್ಷೆಯೆಂದು ಆಟವನ್ನು ಕಸಿಯಬೇಡಿ.

ಒಳ್ಳೆಯದು ಮಾಡಿದಾಗ ಆ ಕ್ಷಣವೇ ಹೊಗಳಿ. ಈ ಮಕ್ಕಳಿಗೆ ‘ಪರೀಕ್ಷೆ ಪಾಸಾದರೆ ಸೈಕಲ್ಲು’ ಎಂಬ ಮಾತು ಬಹಳ ದೂರದ್ದು. ಒಂದು ಡಬ್ಬಿ ಇಡಿ. ಕುಳಿತು ಒಂದು ಪುಟ ಮುಗಿಸಿದರೆ ಒಂದು ಹುಣಸೆ ಬೀಜ. ಹತ್ತು ಬೀಜ ಆದರೆ ಅವನು ಮೆಚ್ಚುವ ಕಥೆ ಅಥವಾ ಅಪ್ಪನ ಜೊತೆ ಗಾಡಿಯಲ್ಲಿ ಒಂದು ಸುತ್ತು. ಕೊಟ್ಟ ಬೀಜವನ್ನು ಸಿಟ್ಟಿನಲ್ಲಿ ಹಿಂದೆ ತೆಗೆದುಕೊಳ್ಳಬೇಡಿ. ತಂದೆ, ತಾಯಿ, ಅಜ್ಜಿ ಮೂವರದ್ದೂ ಒಂದೇ ನಿಯಮವಿರಲಿ.

ಇಳಕಲ್ಲಿನಂಥ ಊರುಗಳಲ್ಲಿ ಮನೆಯೊಳಗೇ ಮಗ್ಗದ ಸದ್ದಿರುತ್ತದೆ, ಬಂದುಹೋಗುವವರಿರುತ್ತಾರೆ. ಅಂಥ ಮನೆಯಲ್ಲಿ ಮಗುವಿಗೆ ಪ್ರತ್ಯೇಕ ಕೋಣೆ ಕೊಡಲಾಗದು. ಗೋಡೆಗೆ ಮುಖ ಮಾಡಿ ಒಂದು ಮೂಲೆ ಕೊಟ್ಟರೂ ಸಾಕು, ಅಥವಾ ಮಗ್ಗ ನಿಂತ ಹೊತ್ತನ್ನೇ ಓದಿನ ಹೊತ್ತು ಮಾಡಿ.

ಶಾಲೆಯ ಪಾಲು

ಮಾಸ್ತರರನ್ನು ಎದುರಾಳಿ ಮಾಡಿಕೊಳ್ಳಬೇಡಿ. ವೈದ್ಯರ ಚೀಟಿಯ ಪ್ರತಿ ತೋರಿಸಿ ವಿಷಯ ತಿಳಿಸಿ. ಮೊದಲ ಸಾಲಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ ಕೂರಿಸುವುದು; ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಕೊಟ್ಟು ಏಳಲು ಅವಕಾಶ ಮಾಡುವುದು; ಉದ್ದ ಪಾಠವನ್ನು ತುಂಡು ಮಾಡುವುದು; ಡೈರಿಯಲ್ಲಿ ದಿನಕ್ಕೊಂದು ಒಳ್ಳೆಯ ಮಾತು ಬರೆಯುವುದು. ಇವಕ್ಕೆ ಹಣ ಬೇಡ. ಹೊಡೆತದಿಂದ ಗಮನ ಬರುವುದಿಲ್ಲ, ಭಯ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿಲ್ಲ. ನಿರ್ದಿಷ್ಟ ಕಲಿಕಾ ತೊಂದರೆಯ ಹೆಸರಿದೆ. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕಾ ತೊಂದರೆಯೂ ಜೊತೆಗಿರುತ್ತದೆ. ಆದ್ದರಿಂದ ಅದರ ಪರೀಕ್ಷೆಯನ್ನೂ ಮಾಡಿಸಿ ಪ್ರಮಾಣಪತ್ರ ಪಡೆದರೆ ಮುಂದೆ ಪರೀಕ್ಷೆಗಳಲ್ಲಿ ಸವಲತ್ತು ಕೇಳಲು ಆಧಾರವಾಗುತ್ತದೆ.

ನಡುವೆ ಬಿಡಬೇಡಿ

“ಎಷ್ಟು ವರ್ಷ?” ಎಂದು ನೀವು ಕೇಳುವಿರಿ. ಒಂದೇ ಉತ್ತರವಿಲ್ಲ. ಬೆಳೆದಂತೆ ಓಡಾಟ ಕಡಿಮೆಯಾಗುತ್ತದೆ. ಮರೆವು, ಅವಸರ ಹಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ವೈದ್ಯರು ಮಾತ್ರೆ ಇನ್ನೂ ಬೇಕೇ ಎಂದು ಪರಿಶೀಲಿಸುತ್ತಾರೆ. ನಿಲ್ಲಿಸುವುದಾದರೂ ಅವರ ಮಾತಿನಂತೆಯೇ ನಿಲ್ಲಿಸಿ.

ಚಿಕಿತ್ಸೆ ಇಲ್ಲದೆ ಬೆಳೆದ ಮಕ್ಕಳಲ್ಲಿ ಶಾಲೆ ಬಿಡುವುದು, ಅಪಘಾತ, ಬೀಡಿ ಹೆಂಡದ ಚಟ, ಖಿನ್ನತೆ ಹೆಚ್ಚು. ಇವೆಲ್ಲಕ್ಕಿಂತ ಮೊದಲು ಆಗುವ ಹಾನಿ ಇನ್ನೊಂದಿದೆ. ದಿನವೂ ಬೈಸಿಕೊಂಡ ಮಗು ‘ನಾನೇ ಕೆಟ್ಟವನು’ ಎಂದು ನಂಬಿಬಿಡುತ್ತದೆ. ಆ ನಂಬಿಕೆಯನ್ನು ಕೀಳುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ.

ಬೇವೂರಿನ ಆ ಹುಡುಗನ ಮನೆಗೆ ಮತ್ತೆ ಹೋಗೋಣ. ಅವನ ತಂದೆತಾಯಿ ಇನ್ನೊಂದು ಸಾಲ ಮಾಡಬೇಕಿಲ್ಲ. ಬೆಂಗಳೂರಿನ ಹಳೆಯ ಚೀಟಿ ಹುಡುಕಿ, ಮಾಸ್ತರರಿಂದ ಅರ್ಧ ಪುಟ ಬರೆಸಿ, ಬಾಗಲಕೋಟೆಯ ಬಸ್ಸು ಹತ್ತಲಿ. ಮಾತ್ರೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು, ಮುಂದಿನ ಭೇಟಿಯ ದಿನ ಬರೆಸಿಕೊಂಡು, ಸಂಜೆಗೆ ಮನೆಗೆ ಮರಳಲಿ. ಮರಳಿದ ಮೇಲೆ ಹುಣಸೆ ಬೀಜದ ಡಬ್ಬಿ ಇಳಿಸಲಿ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಈ ವಾರವೇ ಮೊದಲ ಮೆಟ್ಟಿಲು ಹತ್ತಿ.